ಉಸಿರಿನ ಕೆರೆ

ಕೆರೆಬಿಳಚಿಯ ಆಪಾ ತೀರಿಕೊಂಡರು ಎಂದು ಫೋನ್ ಬಂದಾಗ ನಾನು ನ್ಯಾಮತಿಯ ನನ್ನ ಪಾತ್ರೆ ಅಂಗಡಿಯಲ್ಲಿ ಒಬ್ಬ ಹೆಂಗಸಿನ ಜೊತೆ ಇಡ್ಲಿ ಪಾತ್ರೆಗೆ ಚೌಕಾಸಿ ನಡೆಸಿದ್ದೆ. ಆಪಾರ ತಂಗಿಯ ಮಗಳು ಎರಡು ಮಾತು ಹೇಳಿ ಅಳತೊಡಗಿದಳು. ನಾನು ಫೋನ್ ಇಟ್ಟು, ಆ ಹೆಂಗಸು ಕೇಳಿದ ರೇಟಿಗೇ ಪಾತ್ರೆ ಕೊಟ್ಟುಬಿಟ್ಟೆ. ಅವಳಿಗೆ ಸಂತೋಷವಾಗುವ ಬದಲು ಅನುಮಾನ ಬಂತು. ಪಾತ್ರೆಯನ್ನು ಬೆಳಕಿಗೆ ಹಿಡಿದು ಎಲ್ಲಾದರೂ ತೂತಿದೆಯೇ ಎಂದು ನೋಡಿದಳು. ನೋಡಬೇಕಾದದ್ದೇ. ಜಗ್ಗಾಡದೆ ಕೊಡುವವರನ್ನು ನಂಬಬೇಡಿ ಎಂದು ನಾನೇ ಎಷ್ಟೋ ಜನಕ್ಕೆ ಬುದ್ಧಿ ಹೇಳಿದ್ದೇನೆ.

ಆಪಾ ಎಂದರೆ ಅಕ್ಕ. ನಮ್ಮ ಕಡೆಯ ಮುಸಲ್ಮಾನರ ಮನೆಗಳಲ್ಲಿ ಹಾಗೆ ಕರೆಯುತ್ತಾರೆ. ಅವರು ನನಗೆ ರಕ್ತಸಂಬಂಧದ ಅಕ್ಕನಲ್ಲ, ಬಸ್ಸಿನ ಅಕ್ಕ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ ಒಂದು ಬೋರ್ಡು ಬರೆಸಿಕೊಳ್ಳಿ ಎಂದು ಎಷ್ಟು ಹೇಳಿದರೂ ಒಪ್ಪಲಿಲ್ಲ. "ಬೋರ್ಡು ನೋಡಿ ಬರೋರಿಗೆ ನನ್ನ ಕೈ ಹಿಡಿಯಲ್ಲ, ಬಾಯಿಮಾತು ಕೇಳಿ ಬರೋರಿಗೆ ಹಿಡೀತೈತೆ" ಎನ್ನುತ್ತಿದ್ದರು. ಬಾಯಿಮಾತಿನ ಮೇಲೆ ಅವರಿಗೆ ಅಷ್ಟು ನಂಬಿಕೆ. ಆ ಬಾಯಿಮಾತೇ ಕೊನೆಗೆ ಅವರನ್ನು ಸುಟ್ಟಿತು.

ಅವರದು ಚೀನಾದ ಸೂಜಿ ವೈದ್ಯ. ಚಿಕ್ಕ ವಯಸ್ಸಿಗೇ ಗಂಡ ಸತ್ತ ಮೇಲೆ ದಾವಣಗೆರೆಯ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಕೆಲಸಕ್ಕಿದ್ದರು. ಅಲ್ಲಿಗೆ ಬರುತ್ತಿದ್ದ ಒಬ್ಬ ಡಾಕ್ಟರಮ್ಮ ಕೂದಲಿನಂಥ ಸೂಜಿಗಳನ್ನು ಮಂಡಿಗೆ, ಮಣಿಕಟ್ಟಿಗೆ ಚುಚ್ಚಿ ನೋವು ಇಳಿಸುವುದನ್ನು ಇವರಿಗೂ ಕಲಿಸಿದರಂತೆ. ಆಮೇಲೆ ಆಯಾ ಕೆಲಸ ಬಿಟ್ಟು ಊರೂರು ಸುತ್ತತೊಡಗಿದರು. ಚನ್ನಗಿರಿಗೆ ಒಂದು ವಾರ, ಹೊನ್ನಾಳಿಗೆ ಒಂದು ವಾರ, ನ್ಯಾಮತಿ, ಜಗಳೂರಿಗೆ ಒಂದೊಂದು ವಾರ. ವಾರ ಎಂದರೆ ಸೋಮವಾರ ಮಂಗಳವಾರ ಎನ್ನುತ್ತೇವಲ್ಲ, ಆ ವಾರ. ಯಾವ ಊರಿಗೆ ಯಾವ ವಾರ ಎನ್ನುವುದು ಎಂದೂ ತಪ್ಪುತ್ತಿರಲಿಲ್ಲ. ಪರಿಚಯದವರ ಮನೆಯ ಜಗುಲಿಯಲ್ಲಿ ಚಾಪೆ ಹಾಸಿ ಕೂತರೆ ಮುಗಿಯಿತು. ನಾನು ಆಗಿನ್ನೂ ಅಂಗಡಿಯವಳಲ್ಲ. ಹಳೆ ಬಟ್ಟೆ, ತೂತಾದ ಅಲ್ಯೂಮಿನಿಯಂ ತಗೊಂಡು ಸ್ಟೀಲ್ ಪಾತ್ರೆ ಕೊಡುವ ವ್ಯಾಪಾರ. ಇದೇ ಊರುಗಳ ಸಂತೆ.

ಮೊದಲ ಸಲ ಅವರನ್ನು ನೋಡಿದ್ದು ಹೊನ್ನಾಳಿ ಬಸ್ಸಿನಲ್ಲಿ. ನನ್ನ ಪಾತ್ರೆ ಚೀಲಕ್ಕೆ ಲಗೇಜ್ ಹಾಕುತ್ತೇನೆಂದು ಕಂಡಕ್ಟರು, ಕೊಡುವುದಿಲ್ಲವೆಂದು ನಾನು. ನನ್ನ ಗಂಟಲು ಗೊತ್ತಲ್ಲ, ಇಡೀ ಬಸ್ಸು ತಿರುಗಿ ನೋಡುತ್ತಿತ್ತು. ಪಕ್ಕದಲ್ಲಿದ್ದ ಬುರ್ಖಾದ ಹೆಂಗಸು ನನ್ನ ಬೆನ್ನ ಮೇಲೆ ಕೈ ಇಟ್ಟು, "ಮೊದ್ಲು ಉಸಿರು ಬಿಡವ್ವಾ, ಆಮೇಲೆ ಜಗಳ ಆಡೀಯಂತೆ. ಉಸಿರು ಹಿಡ್ಕಂಡು ಜಗಳ ಆಡಿದ್ರೆ ಗೆದ್ರೂ ಲುಕ್ಸಾನು" ಎಂದರು. ಆಮೇಲೆ ಕಂಡಕ್ಟರ ಕಡೆ ತಿರುಗಿ, "ತಮ್ಮಾ, ಆ ಚೀಲ ಬಸ್ಸಿನ ಮ್ಯಾಲೆ ಎಲ್ಲೈತೆ? ನನ್ನ ಕಾಲ ಮ್ಯಾಲೆ ಐತೆ. ನನ್ನ ಕಾಲಿಗೆ ಟಿಕೆಟ್ ತಗಂಡೀನಲ್ಲ" ಎಂದರು. ಕಂಡಕ್ಟರು ನಕ್ಕು ಮುಂದೆ ಹೋದ. ನನ್ನ ಜೀವಮಾನದಲ್ಲಿ ಚೌಕಾಸಿಯಲ್ಲಿ ನನಗಿಂತ ಚೆನ್ನಾಗಿ ಆಡಿದವರನ್ನು ಕಂಡದ್ದು ಅವತ್ತೇ. ವಿಚಿತ್ರವೆಂದರೆ ತಮ್ಮ ಸ್ವಂತಕ್ಕೆ ಅವರು ಎಂದೂ ಚೌಕಾಸಿ ಮಾಡುತ್ತಿರಲಿಲ್ಲ. ನನ್ನ ಹತ್ತಿರ ಒಂದು ತಂಬಿಗೆ ಕೊಂಡಾಗ ಹೇಳಿದ ರೇಟು ಕೊಟ್ಟು ಎದ್ದರು. "ಆಪಾ, ಹಿಂಗೆ ಮಾಡಿದ್ರೆ ನನಗೆ ಅನ್ನ ಸೇರಲ್ಲ, ಏನಾದ್ರೂ ಕಮ್ಮಿ ಕೇಳ್ರಿ" ಎಂದು ನಾನೇ ಗೋಗರೆಯಬೇಕಾಯಿತು.

ಅವರ ಚೀಲದಲ್ಲಿ ಒಂದು ಚಾರ್ಟು ಇರುತ್ತಿತ್ತು. ಬೋಳುತಲೆಯ ಚೀನಾದ ಗಂಡಸು, ಮೈತುಂಬ ಕೆಂಪು ಚುಕ್ಕಿ, ಪಕ್ಕದಲ್ಲಿ ಇರುವೆ ಸಾಲಿನಂಥ ಅಕ್ಷರ. ಅಚ್ಚು ಹಾಕಿದವರು ಅವನಿಗೆ ಬಟ್ಟೆ ಹಾಕಿರಲಿಲ್ಲ. ಆಪಾ ಚೌಕುಳಿ ಲುಂಗಿಯ ತುಂಡೊಂದನ್ನು ಅಂಟಿಸಿ ಅವನ ಮಾನ ಕಾಪಾಡಿದ್ದರು. "ಸೊಂಟದ ಚುಕ್ಕಿ ಹೆಂಗೆ ನೋಡ್ತೀರಿ?" ಎಂದು ಕೇಳಿದರೆ, "ಅವೆಲ್ಲ ನನಗೆ ಬಾಯಿಪಾಠ ಅದಾವೆ, ಅವನಿಗೂ ಒಂದೀಟು ಮರ್ಯಾದಿ ಬ್ಯಾಡೇನು?" ಎನ್ನುತ್ತಿದ್ದರು.

ಆ ಚಾರ್ಟಿನಲ್ಲಿ ಎದೆಯ ಸರಿಮಧ್ಯೆ ಒಂದು ಚುಕ್ಕಿ. ಚೀನಾದವರು ಅದನ್ನು ದಾನ್‌ಝೋಂಗ್ ಎನ್ನುತ್ತಾರಂತೆ. ಮೈಯೊಳಗಿನ ಉಸಿರೆಲ್ಲ ಬಂದು ಸೇರುವ ಸಮುದ್ರ ಅದು ಎಂದು ಡಾಕ್ಟರಮ್ಮ ಹೇಳಿಕೊಟ್ಟಿದ್ದರು. ಸಮುದ್ರ ನೋಡಿದವರು ನಮ್ಮಲ್ಲಿ ಯಾರಿದ್ದಾರೆ? ಚನ್ನಗಿರಿ ಸೀಮೆಯವರಿಗೆ ಸೂಳೆಕೆರೆಯೇ ಸಮುದ್ರ. ಆಪಾ ಅದಕ್ಕೆ ಉಸಿರಿನ ಕೆರೆ ಎಂದು ಹೆಸರಿಟ್ಟರು. "ದುಃಖ ಬಂದಾಗ ಹೆಣ್ಣುಮಕ್ಕಳು ಎಲ್ಲಿ ಬಡ್ಕಂತಾರೆ ನೋಡ್ರಿ. ಚೀನಾದೋರು ಬಂದು ಹೇಳಿಕೊಟ್ಟಿದ್ರೇನು? ಕೈಗೆ ತಾನೇ ಗೊತ್ತಿರ್ತೈತೆ. ಕೆರೆ ತುಂಬಿ ಕೋಡಿ ಬೀಳದಿದ್ರೆ ಏರಿಗೆ ಭಾರ ಅಲ್ಲೇನ್ರಿ" ಎನ್ನುತ್ತಿದ್ದರು.

ಮೈಯ ಬೇರೆಲ್ಲ ಕಡೆ ಸೂಜಿ ಹಾಕುತ್ತಿದ್ದ ಅವರು ಅಲ್ಲಿ ಮಾತ್ರ ಎಂದೂ ಸೂಜಿ ಹಿಡಿಯಲಿಲ್ಲ. ಕೆಲವರಿಗೆ ಆ ಎದೆ ಎಲುಬಿನಲ್ಲಿ ಹುಟ್ಟಿನಿಂದಲೇ ಸಣ್ಣ ತೂತು ಇರುತ್ತದಂತೆ, ಸೂಜಿ ನೆಟ್ಟಗೆ ಗುಂಡಿಗೆಗೇ ಹೋಗಬಹುದಂತೆ. "ಯಾರ ಎಲುಬಲ್ಲಿ ಕಿಟಕಿ ಐತೋ ಅಲ್ಲಾಗೆ ಗೊತ್ತು. ನಾನ್ಯಾಕೆ ಇಣುಕಲಿ?" ಹಾಗಾಗಿ ಬೆರಳು ಮಾತ್ರ. ಹೆಂಗಸರಾದರೆ ಸೀರೆಯ ಮೇಲೆ ಒಂದು ಬಿಳಿ ಟವೆಲ್ಲು ಹೊದಿಸಿ, ಗಂಟಲ ಕುಳಿಯಿಂದ ಬೆರಳು ಇಳಿಸುತ್ತ, ಪಕ್ಕೆಲುಬಿನ ಸಂದು ಸಂದು ಮುಟ್ಟುತ್ತ ಬಂದು ನಡುವೆ ನಿಲ್ಲಿಸುತ್ತಿದ್ದರು. ಗಂಡಸರನ್ನು ಮುಟ್ಟುತ್ತಿರಲಿಲ್ಲ. ಗಂಡಸರಿಗೆ ಅವರದೇ ಕೈ. ಆಪಾ ಗೋಡೆಯ ಕಡೆ ಮುಖ ಮಾಡಿ ಕೂತು, "ಕೆಳಗೆ ಬಾ... ಇನ್ನೊಂದೀಟು... ಅಲ್ಲೇ ಒತ್ತು" ಎಂದು ಹೇಳುವುದು, ಅವರು ತಮ್ಮ ಹೆಬ್ಬೆರಳಿನಿಂದ ತಾವೇ ಒತ್ತಿಕೊಳ್ಳುವುದು. ಹೀಗೆ ನಾಲ್ಕು ಊರಿನ ಗಂಡಸರು ತಮ್ಮ ಎದೆ ತಾವೇ ಒತ್ತಿ ನೋಡಿಕೊಳ್ಳಲು ಕಲಿತರು. ಇದನ್ನು ನೆನಪಿಟ್ಟುಕೊಳ್ಳಿ.

ಹೊನ್ನಾಳಿಯಲ್ಲಿ ಒಬ್ಬಳು ಬಾಣಂತಿಗೆ ಹಾಲು ಸಾಲುತ್ತಿಲ್ಲವೆಂದು ಅವಳ ಅತ್ತೆ ಕರೆದುಕೊಂಡು ಬಂದಿದ್ದಳು. ಆ ಚುಕ್ಕಿ ಒತ್ತಿದರೆ ಹಾಲು ಇಳಿಯುತ್ತದೆ ಎಂಬುದು ಚೀನಾದವರ ಲೆಕ್ಕ. ಆಪಾ ಹುಡುಗಿಯ ಎದೆಯ ಮೇಲೆ ಬೆರಳಿಟ್ಟು, "ಬೆಳಿಗ್ಗೆ ಏನು ಉಂಡೆ?" ಎಂದರು. ಹುಡುಗಿ ಅತ್ತೆಯ ಮುಖ ನೋಡಿತು. "ಬಾಣಂತಿ ಬಾಯಿ ಕಟ್ಟಬೇಕಲ್ರೀ" ಎಂದಳು ಅತ್ತೆ. ಆಪಾ ಹುಡುಗಿಯನ್ನು ಬಿಟ್ಟು ಅತ್ತೆಯನ್ನು ಚಾಪೆಯ ಮೇಲೆ ಮಲಗಿಸಿದರು. "ನನಗೇನಾಗೈತ್ರೀ?" "ಸುಮ್ನಿರವ್ವಾ, ಹಾಲು ನಿಂತಿರೋದು ಇಲ್ಲಿ" ಎಂದು ಅವಳ ಎದೆ ನಡುವೆ ಬೆರಳಿಟ್ಟು, "ಉಸಿರು ಬಿಡು. ನೀನು ಬಾಣಂತಿ ಆಗಿದ್ದಾಗ ನಿನ್ನ ಅತ್ತೆ ಏನು ಕೊಡ್ತಿದ್ಲು?" ಎಂದು ಕೇಳಿದರು. ಆ ಗಟ್ಟಿ ಹೆಂಗಸು ಹೇಳಲು ಹೋಗಿ ಅತ್ತುಬಿಟ್ಟಳು. ಸೊಸೆಗೆ ಬೆಳ್ಳುಳ್ಳಿ ಹಾಕಿದ ಬಿಸಿ ಸಾರು ಸಿಕ್ಕತೊಡಗಿತು. ಹಾಲು ಇಳಿದದ್ದು ಬೆರಳಿನಿಂದಲೋ ಸಾರಿನಿಂದಲೋ ನಾನು ಹೇಳಲಾರೆ. ಸಾರಿನಿಂದ ಎಂದು ನನ್ನ ಅಂದಾಜು. ಹಾಗೆಂದು ಆಪಾಗೆ ಹೇಳಿದಾಗ ಅವರು, "ಸಾರು ಕೊಡಂಗೆ ಮಾಡಿದ್ದು ಯಾರು?" ಎಂದು ನಕ್ಕರು.

ಆಗಲೂ ಈಗಲೂ ಜನಕ್ಕೆ ಎದೆನೋವು ಎಂದರೆ ಗ್ಯಾಸು. ಊಟ ಹೆಚ್ಚಾದರೆ ಗ್ಯಾಸು, ಬಿಟ್ಟರೆ ಗ್ಯಾಸು. ನಿಜವಾದ ಗುಂಡಿಗೆ ನೋವಿನವರೂ ಆಪಾರ ಚಾಪೆಗೆ ಬಂದು ಕೂರುತ್ತಿದ್ದರು. ಆಪಾ ಅವರನ್ನು ಮುಟ್ಟದೆ ಎಬ್ಬಿಸಿ ಓಡಿಸುತ್ತಿದ್ದರು. ಜನಕ್ಕೆ ಸುಲಭವಾಗಲಿ ಎಂದು ಒಂದು ಮಾತು ಕಟ್ಟಿದರು: "ಒತ್ತಿದ್ರೆ ನೋಯೋದು ನನ್ನದು, ಒತ್ತಿದ್ರೂ ನೋಯದ್ದು ಡಾಕ್ಟ್ರುದು." ಅಂದರೆ, ಬೆರಳಿಟ್ಟರೆ ಮೇಲೆ ನೋಯುವುದು ಮೂಳೆಯದೋ ಮನಸ್ಸಿನದೋ ಬೇನೆ, ಮೇಲೆ ನೋಯದೆ ಒಳಗೇ ಹಿಂಡಿದರೆ ಆಸ್ಪತ್ರೆ. ಈ ಮಾತಿಗೆ ಒಂದು ಬಾಲವೂ ಇತ್ತು. ಪ್ರತಿ ಸಲವೂ ಹೇಳುತ್ತಿದ್ದರು, ನಾನೇ ಕೇಳಿದ್ದೇನೆ: "ಬೆವರು ಬಂದ್ರೆ, ಕೈಗಿಳಿದ್ರೆ, ಮೆಟ್ಲು ಹತ್ತುವಾಗ ಜಾಸ್ತಿ ಆದ್ರೆ ಒತ್ತಾಕೇ ಹೋಗಬ್ಯಾಡ್ರಿ, ಮೊದ್ಲು ಆಸ್ಪತ್ರಿ."

ಮಾತಿನ ಮೊದಲ ಭಾಗಕ್ಕೆ ತಾಳವಿತ್ತು, ಬಾಲಕ್ಕೆ ಇರಲಿಲ್ಲ. ಜನ ತಾಳವಿದ್ದದ್ದನ್ನು ಒಯ್ದರು, ಬಾಲವನ್ನು ಜಗುಲಿಯಲ್ಲೇ ಬಿಟ್ಟುಹೋದರು. ಮಾತು ಬಸ್ಸು ಹತ್ತಿತು. ನಲ್ಲೂರಿನ ಕಿರಾಣಿ ಅಂಗಡಿಯಲ್ಲಿ, ನ್ಯಾಮತಿಯ ಹಿಟ್ಟಿನ ಗಿರಣಿಯಲ್ಲಿ, ಆಪಾರ ಮುಖ ನೋಡದವರ ಬಾಯಲ್ಲೂ ಕೇಳಿದ್ದೇನೆ. ಆಪಾಗೆ ಹೆಮ್ಮೆಯಾಗಿತ್ತು. ಯಾಕಾಗಬಾರದು?

ಜಗಳೂರಿನಲ್ಲಿ ಅವರ ಚಾಪೆ ಬೀಳುತ್ತಿದ್ದದ್ದು ನನ್ನ ಅಣ್ಣನ ಮನೆಯ ಜಗುಲಿಯಲ್ಲಿ. ನಾನೇ ಪರಿಚಯ ಮಾಡಿಸಿದ್ದು. ಅಣ್ಣನದು ಕುರಿ ವ್ಯಾಪಾರ. ಕುರಿಯ ಬೆನ್ನ ಮೇಲೆ ಹೆಬ್ಬೆರಳು ಒತ್ತಿ, ತಕ್ಕಡಿ ಇಲ್ಲದೆ ಮಾಂಸ ಹೇಳುವವನು. ಬಾಯಿ ಅದಕ್ಕಿಂತ ಜೋರು. ಆಪಾ ಬರುವ ವಾರ ಬೆಳಿಗ್ಗೆಯೇ ಜಗುಲಿ ಗುಡಿಸಿ, ನೀರು ಚಿಮುಕಿಸಿ ಕಾಯುತ್ತಿದ್ದ. ಬಂದ ಕೂಡಲೇ ಶುರು.

"ಉಸಿರಿನ ಕೆರೆ ಅಂತೀರಿ. ನಮ್ಮ ಜಗಳೂರು ಸೀಮ್ಯಾಗೆ ನೀರಿನ ಕೆರೇನೇ ತುಂಬಲ್ಲ, ಎದ್ಯಾಗಿನ ಕೆರೆ ಎಲ್ಲಿಂದ ತುಂಬ್ತೈತ್ರೀ?"

"ನಿಮ್ಮದು ತುಂಬಿ ಕೋಡಿ ಬಿದ್ದೈತಣ್ಣಾ, ಬಾಯಾಗೆ ಹರೀತಾ ಐತಲ್ಲ."

"ನೋಡ್ರಿ ಈ ಚೀನಾದ ಸಾವ್ಕಾರನ್ನ. ಇಷ್ಟು ಚುಚ್ಚಿಸ್ಕಂಡ್ರೂ ನಗ್ತಾ ನಿಂತಾನೆ. ಒಂದಿನ ನನ್ನ ಹೆಂಡ್ತಿ ಕೈಗೆ ಕೊಡ್ರಿ ಇವನ್ನ, ನಗೋದು ಮರೀತಾನೆ."

ಅತ್ತಿಗೆ ಒಳಗಿನಿಂದ, "ಕೊಡ್ರಿ ಆಪಾ, ಅವನಾದ್ರೂ ಬಾಯಿ ಮುಚ್ಕಂಡಿರ್ತಾನೆ" ಎಂದು ಕೂಗುತ್ತಿದ್ದಳು. ಆಪಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಆ ಜಗುಲಿಯಲ್ಲಿ ನಕ್ಕಷ್ಟು ಬೇರೆಲ್ಲೂ ಅವರು ನಕ್ಕದ್ದನ್ನು ನಾನು ಕಂಡಿಲ್ಲ.

ಒಂದು ದಿನ ಲಾರಿಗೆ ಕುರಿ ಏರಿಸುವಾಗ ಅಣ್ಣನ ಎದೆ ಹಿಡಿಯಿತು. ಮನೆಗೆ ಬಂದು ಜಗುಲಿಯಲ್ಲಿ ಕೂತು, ಗಂಟಲ ಕುಳಿಯಿಂದ ಬೆರಳಿಳಿಸಿ, ಆ ಜಾಗ ಹುಡುಕಿ ಒತ್ತಿದ. ಕುರಿಯ ಬೆನ್ನಿನ ಮಾಂಸ ದಾಟಿ ಎಲುಬು ಹುಡುಕುವ ಹೆಬ್ಬೆರಳು ಅದು. ಆ ಬೆರಳಿನಿಂದ ಒತ್ತಿದರೆ ಯಾರ ಎದೆ ನೋಯುವುದಿಲ್ಲ? ನೋಯಿತು. ಅವನಿಗೆ ಖುಷಿಯಾಯಿತಂತೆ.

"ನೋಯ್ತೈತೆ ಕಣೇ! ಇದು ಆಪಾದು, ಡಾಕ್ಟ್ರುದಲ್ಲ."

"ಬೆವರ್ತಾ ಇದೀರಲ್ರೀ" ಎಂದಳಂತೆ ಅತ್ತಿಗೆ.

"ಜಗಳೂರಾಗೆ ಬೆವರದೆ ಮತ್ತೇನು ಮಂಜು ಬೀಳ್ತೈತಾ?"

"ಒಂದು ಫೋನಾರಾ ಮಾಡ್ರಿ ಅವ್ರಿಗೆ."

"ನಾಡಿದ್ದು ಅವ್ರ ವಾರ ಐತಲ್ಲ, ಬಂದೇ ಬರ್ತಾರೆ. ಸುಮ್ನೆ ಯಾಕೆ ಬಡವೀಗೆ ಗಾಬರಿ."

ಆಪಾರ ವಾರ ಬರುವ ಹೊತ್ತಿಗೆ ಅಣ್ಣ ಇರಲಿಲ್ಲ. ಅದೇ ದಿನ ಬೆಳಗಿನ ಜಾವ ಹಾಸಿಗೆಯಲ್ಲೇ ಹೋಗಿದ್ದ.

ನಾನು ಸುದ್ದಿ ಕೇಳಿ ನ್ಯಾಮತಿಯಿಂದ ಓಡಿದೆ. ಆಪಾಗೆ ಹೇಳಬೇಕೆಂದು ಆ ಗದ್ದಲದಲ್ಲಿ ಯಾರಿಗೂ ಹೊಳೆಯಲಿಲ್ಲ. ಹೊತ್ತೇರುವಾಗ, ಯಾವಾಗಲೂ ಬರುವ ಬಸ್ಸಿಗೇ ಅವರು ಬಂದರು. ಓಣಿಯ ತುದಿಯಿಂದ ಜಗುಲಿಯ ತುಂಬ ಜನ ಕಂಡಿದ್ದಾರೆ. ತಮಗೇ ಕಾದಿದ್ದಾರೆಂದುಕೊಂಡು ಬಿರಬಿರನೆ ನಡೆದು ಬಂದರು. ದೂರದಿಂದಲೇ, "ಅರೆ, ಇವತ್ತೇನು ಇಷ್ಟೊಂದು ಮಂದಿ! ಸಾಲಾಗಿ ಕುಂತ್ಕಳ್ರಿ, ಎಲ್ರನ್ನೂ ನೋಡೇ ಹೋಗ್ತೀನಿ" ಎಂದರು. ಜನ ಸರಿದು ದಾರಿ ಬಿಟ್ಟರು. ಆ ದಾರಿಯ ತುದಿಯಲ್ಲಿ ಅಣ್ಣನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು, ಕೊರಳಲ್ಲಿ ಹೂವಿನ ಹಾರ.

ಅತ್ತಿಗೆ ತಲೆಯೆತ್ತಿ ನೋಡಿದಳು. "ನಿಮಗೇ ಕಾಯ್ತಿದ್ರು ಆಪಾ" ಎಂದಳು. "ಒತ್ತಿದ್ರೆ ನೋಯ್ತೈತೆ, ಇದು ಅವ್ರದ್ದು ಅಂತ ಕಾಯ್ತಿದ್ರು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನೆಂಟರಿಗೆ ಸುದ್ದಿ ಹೇಳುವ ಹಾಗೆ ಹೇಳಿದಳು. ಸಿಟ್ಟಿದ್ದರೆ ಆಪಾ ತಡೆದುಕೊಳ್ಳುತ್ತಿದ್ದರೇನೋ.

ಚೀಲ ಕೈಯಿಂದ ಜಾರಿತು. ಅವರು ಮೇಲೆ ಬರಲಿಲ್ಲ; ಚಪ್ಪಲಿ ಬಿಡುವ ಜಾಗದಲ್ಲಿ, ಚಪ್ಪಲಿಗಳ ನಡುವೆಯೇ ಕೂತರು. ಮಣ್ಣು ಮುಗಿಯುವ ತನಕ ಅಲ್ಲಿಂದ ಏಳಲಿಲ್ಲ. ನಮ್ಮ ಸೋದರಮಾವ ಒಬ್ಬರು ಅವರಿಗೆ ಕೇಳುವ ಹಾಗೆಯೇ, "ಈಯಮ್ಮನ ಮಾತು ಕೇಳಿ ಕೆಟ್ಟ" ಎಂದರು. "ಅರ್ಧ ಮಾತು ಕೇಳಿ ಕೆಟ್ಟ, ಮಾವ. ಪೂರ್ತಿ ಕೇಳಿದ್ರೆ ಬದುಕ್ತಿದ್ದ" ಎಂದೆ ನಾನು. ಸತ್ತವನು ನನ್ನ ಒಡಹುಟ್ಟಿದವನಾದ್ದರಿಂದ ಆ ಮಾತಿಗೆ ಯಾರೂ ಎದುರಾಡಲಿಲ್ಲ.

ಆಮೇಲೆ ಆಪಾ ಸಿಕ್ಕಿದ್ದು ಹೊನ್ನಾಳಿಯ ಬಸ್ ಸ್ಟ್ಯಾಂಡಿನಲ್ಲಿ. ಮುಖ ಇಳಿದುಹೋಗಿತ್ತು. "ನಾನು ಆ ಮಾತು ವಾಪಸ್ ತಗಂತೀನಿ" ಎಂದರು.

"ಹೆಂಗೆ ತಗಂತೀರಿ ಆಪಾ?"

"ಎಲ್ಲೆಲ್ಲಿ ಹೇಳೀನೋ ಅಲ್ಲಲ್ಲಿಗೆ ಹೋಗಿ, ತಪ್ಪು ಹೇಳಿದ್ದೆ, ಬಿಟ್ಟುಬಿಡ್ರಿ ಅಂತೀನಿ."

ಹಾಗೇ ಮಾಡಿದರು. ಸೂಜಿಯ ಡಬ್ಬಿ ಬಿಚ್ಚುವ ಮೊದಲು ಕೈಮುಗಿದು ಹೇಳುವುದು. ಕೇಳಿದ ಜನ ಏನು ಮಾಡಿದರು? ಸಮಾಧಾನ ಹೇಳಿದರು! "ಅಯ್ಯೋ ಬಿಡ್ರಿ ಆಪಾ, ಯಾವನೋ ಒಬ್ಬನಿಗೆ ಹಂಗಾತು ಅಂತ ನಿಮ್ಮ ಮಾತು ಸುಳ್ಳಾಗ್ತೈತಾ? ಮೊನ್ನೆ ನನ್ನ ಗಂಡಂಗೂ ಒತ್ತಿ ನೋಡಿದ್ವಿ, ಕರೆಕ್ಟಾಗೈತೆ" ಎಂದಳು ಚನ್ನಗಿರಿಯಲ್ಲಿ ಒಬ್ಬಳು. ಆಪಾ ಅವಳ ಗಂಡನನ್ನು ಅವತ್ತೇ ಆಸ್ಪತ್ರೆಗೆ ಕಳಿಸುವ ತನಕ ಅವಳ ಮನೆಯ ಬಾಗಿಲು ಬಿಟ್ಟು ಕದಲಲಿಲ್ಲ. ಅವನಿಗೆ ಏನೂ ಇರಲಿಲ್ಲ. "ನೋಡಿದ್ರಾ, ಏನೂ ಇಲ್ಲ ಅಂದ್ರು. ನಿಮ್ಮ ಮಾತೇ ಖರೆ" ಎಂದು ಆ ಹೆಂಗಸು ಇನ್ನಷ್ಟು ಗಟ್ಟಿಯಾದಳು. ಆಪಾ ಎಷ್ಟು ಬೇಡವೆಂದರೋ ಜನ ಅಷ್ಟು ನಂಬಿದರು. ದೊಡ್ಡವರು, ಅದಕ್ಕೇ ತಗ್ಗಿ ಮಾತಾಡ್ತಾರೆ ಎಂದರು.

ಇಲ್ಲಿ ನನ್ನ ಕಸುಬಿನ ಬುದ್ಧಿ ಉಪಯೋಗಕ್ಕೆ ಬಂತು. "ಆಪಾ, ಬರಿಗೈಲಿ ಹೋಗಿ ಹಳೆ ಪಾತ್ರೆ ಕೊಡ್ರಿ ಅಂದ್ರೆ ಯಾವ ಹೆಂಗಸಾದ್ರೂ ಕೊಡ್ತಾಳಾ? ತೂತು ಬಿದ್ದಿದ್ರೂ ಕೊಡಲ್ಲ. ಮೊದ್ಲು ಹೊಸದು ಕಣ್ಣಿಗೆ ತೋರಿಸ್ಬೇಕು, ಫಳಫಳ ಅನ್ನಬೇಕು, ಆವಾಗ ಹಳೇದು ತಾನೇ ಹೊರಗೆ ಬರ್ತೈತೆ" ಎಂದೆ.

ಹೊನ್ನಾಳಿಯಿಂದ ನ್ಯಾಮತಿಗೆ ಬರುವ ಬಸ್ಸಿನಲ್ಲಿ ಇಬ್ಬರೂ ಕೂತು ಹೊಸ ಮಾತು ಕಟ್ಟಿದೆವು. ಆಪಾ ಮೊದಲು, "ಎದೆನೋವು ಬಂದರೆ ತಡ ಮಾಡದೆ ಹತ್ತಿರದ ಆಸ್ಪತ್ರೆಗೆ..." ಎಂದು ಶುರುಮಾಡಿದರು.

"ಇದು ಗೋಡೆ ಮ್ಯಾಲೆ ಬರೆಯೋ ಮಾತು. ಗೋಡೆ ಮ್ಯಾಲೇ ಉಳೀತೈತೆ, ಬಾಯಿಗೆ ಬರಲ್ಲ."

"ಮತ್ತೆ ನೀನೇ ಹೇಳು."

"ಗ್ಯಾಸು ಅಂತ ಕುಂತ್ರೆ..."

"ಛೆ, ಅದಕ್ಕೆ ನಗ್ತಾರೆ."

ಬಸ್ಸು ಯಾವುದೋ ಊರಿನಲ್ಲಿ ನಿಂತು ಜನ ಇಳಿದು ಹತ್ತಿದರು. ಆಪಾ ಕಿಟಕಿಯ ಕಂಬಿಗೆ ಹಣೆ ಒರಗಿಸಿ ಕೂತಿದ್ದರು. ಆಮೇಲೆ ಮೆಲ್ಲಗೆ, "ಎದೆ ನೋವಿಗೆ ವಾರ ನೋಡಬ್ಯಾಡ, ಗಾಡಿ ನೋಡು" ಎಂದರು. ನಾನು ಸೀಟು ತಟ್ಟಿ, ಇದು ಓಡುತ್ತೆ ಆಪಾ ಎಂದೆ. ಅವರ ಮುಖ ನೋಡಿ ಕೈ ಹಿಂದಕ್ಕೆ ತಗೊಂಡೆ. ಆ 'ವಾರ' ಯಾರು ನೋಡಿದ್ದು, ಯಾರ ವಾರ ನೋಡಿದ್ದು ಎಂದು ಅವರಿಗೂ ಗೊತ್ತು, ನನಗೂ ಗೊತ್ತು.

ಆ ಮಾತು ಹೇಳುತ್ತ ಸುತ್ತಿದರು. ಅಷ್ಟಕ್ಕೇ ಬಿಡಲಿಲ್ಲ. ತಮ್ಮ ವಾರಗಳನ್ನೇ ಕಿತ್ತುಹಾಕಿದರು. ಯಾವ ಊರಿಗೆ ಎಂದು ಹೋಗುತ್ತಾರೆಂದು ಯಾರಿಗೂ ಹೇಳುವುದಿಲ್ಲ. ಮನಸ್ಸಿಗೆ ಬಂದ ದಿನ ಬಸ್ಸು ಹತ್ತುವುದು. ವ್ಯಾಪಾರ ಮಾಡುವವರು ಯಾರೂ ಇಂಥ ಕೆಲಸ ಮಾಡಬಾರದು. ಗಿರಾಕಿಗೆ ನಿಮ್ಮ ದಿನ ಗೊತ್ತಿರಬೇಕು, ಇಲ್ಲದಿದ್ದರೆ ಅವನು ಪಕ್ಕದವನ ಹತ್ತಿರ ಹೋಗುತ್ತಾನೆ. ಬೈದು ಹೇಳಿದೆ. "ಹೋಗ್ಲಿ" ಎಂದರು. "ನನಗೊಂದು ವಾರ ಅಂತ ಇದ್ರೆ ತಾನೇ ಯಾರಾದ್ರೂ ಕಾಯೋದು?" ಜನ ಕಮ್ಮಿಯಾದರು. ಎಷ್ಟೋ ಜಗುಲಿಗಳಲ್ಲಿ ಆಪಾ ಖಾಲಿ ಚಾಪೆಯ ಮೇಲೆ ಕೂತು ಎದ್ದು ಬರುತ್ತಿದ್ದರು. ಎದೆಯ ಆ ಚುಕ್ಕಿ ಮುಟ್ಟುವುದನ್ನು ಬಿಟ್ಟೇಬಿಟ್ಟರು. ಜಗಳೂರಿಗೆ ಮತ್ತೆ ಕಾಲಿಡಲಿಲ್ಲ.

ಹೊಸ ಮಾತು ಓಡಿತೇ ಎಂದು ಕೇಳಿದರೆ, ಕುಂಟುತ್ತ ನಡೆಯಿತು ಎನ್ನಬೇಕು. ನಲ್ಲೂರಿನ ಒಬ್ಬ ಆಟೋದವನು ಅದನ್ನು ತನ್ನ ಆಟೋದ ಹಿಂದೆ ಬರೆಸಿಕೊಂಡ. ಆಪಾ ಮೇಲಿನ ಪ್ರೀತಿಗಲ್ಲ. 'ಗಾಡಿ ನೋಡು' ಎಂದರೆ ಅವನ ಗಾಡಿಗೇ ಲಾಭ. ಇರಲಿ, ಲಾಭವಿದ್ದ ಕಡೆಯೇ ಮಾತು ಉಳಿಯುವುದು. ಆಪಾಗೆ ತೋರಿಸಬೇಕೆಂದಿದ್ದೆ. ಅಷ್ಟರಲ್ಲಿ ಸಕ್ಕರೆ ಕಾಯಿಲೆ ಕಿಡ್ನಿಗೆ ಇಳಿದು ಅವರು ಹಾಸಿಗೆ ಹಿಡಿದರು, ಮತ್ತೆ ಏಳಲಿಲ್ಲ. ಮೊನ್ನೆ ಅವರ ಮನೆಯಲ್ಲಿ ಸೇರಿದ್ದ ಹೆಂಗಸರಲ್ಲಿ ಒಬ್ಬಳು ಕಣ್ಣೊರೆಸಿಕೊಳ್ಳುತ್ತ, "ಎಷ್ಟು ಚೆಂದ ಹೇಳ್ತಿದ್ರು, ಒತ್ತಿದ್ರೆ ನೋಯೋದು..." ಎಂದು ಶುರುಮಾಡಿದಳು. ಸಾವಿನ ಮನೆ ಎಂದೂ ನೋಡದೆ ಅವಳ ಬಾಯಿ ಮುಚ್ಚಿಸಿದೆ. ಓದುವ ನಿಮಗೂ ಹೇಳುತ್ತೇನೆ: ಎದೆ ಹಿಡಿದರೆ ಒತ್ತುತ್ತ ಕೂರಬೇಡಿ. ನೋಯುತ್ತೋ ಇಲ್ಲವೋ ನೋಡುವುದು ನಿಮ್ಮ ಹೆಬ್ಬೆರಳಿನ ಕೆಲಸವಲ್ಲ. ಗಾಡಿ ಹತ್ತಿ.

ಇನ್ನೊಂದನ್ನು ಹೇಳದ ಹೊರತು ಅವರ ಬಗ್ಗೆ ಬರೆದ ಹಾಗಾಗುವುದಿಲ್ಲ. ಅವರು ಹಾಸಿಗೆ ಹಿಡಿಯುವ ಮುಂಚಿನದು.

ಅಣ್ಣ ಹೋದ ಮೇಲೆ ಅತ್ತಿಗೆ ಅಳಲೇ ಇಲ್ಲ. ಕುರಿ ಮಾರಿದಳು, ಮನೆ ನಡೆಸಿದಳು, ಮಾತು ನಿಲ್ಲಿಸಿದಳು. ಬರುಬರುತ್ತ ಎದೆ ಬಿಗಿಯುತ್ತದೆ, ಉಸಿರು ಅರ್ಧಕ್ಕೇ ನಿಲ್ಲುತ್ತದೆ ಎನ್ನತೊಡಗಿದಳು. "ಆಪಾನ್ನ ಕರೆಸು" ಎಂದಳು ನನಗೆ. ನಾನು ಕೇಳಿದಾಗ ಆಪಾ ಬೆಚ್ಚಿಬಿದ್ದರು. "ಮೊದ್ಲು ಆಸ್ಪತ್ರಿ. ಇವತ್ತೇ. ನನ್ನ ಹೆಸರೇ ಎತ್ತಬ್ಯಾಡ ಅನ್ನು." ಅತ್ತಿಗೆಯನ್ನು ದಾವಣಗೆರೆಗೆ ಕರೆದುಕೊಂಡು ಹೋದೆ. ಇಸಿಜಿ ತೆಗೆದರು, ಸ್ಕ್ಯಾನು ಮಾಡಿದರು, ರಕ್ತ ನೋಡಿದರು. ಗುಂಡಿಗೆ ಚೆನ್ನಾಗಿದೆ, ದುಃಖಕ್ಕೆ ಹೀಗಾಗುತ್ತದೆ ಎಂದು ಡಾಕ್ಟರು ಹೇಳಿ ಮಾತ್ರೆ ಬರೆದುಕೊಟ್ಟರು. ಆಸ್ಪತ್ರೆಯ ಮೆಟ್ಟಿಲು ಇಳಿದ ಅತ್ತಿಗೆ ಜಗಳೂರಿನ ಬಸ್ಸಿನ ಕಡೆ ತಿರುಗಲಿಲ್ಲ. "ಕೆರೆಬಿಳಚಿ ಬಸ್ಸು ಎಲ್ಲಿ ನಿಲ್ತೈತೆ?" ಎಂದಳು.

ನಾವು ಹೋದಾಗ ಆಪಾ ನಡುಮನೆಯಲ್ಲಿ ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದರು. ಬಾಗಿಲಲ್ಲಿ ಅತ್ತಿಗೆಯನ್ನು ಕಂಡು ಮೊರ ಕೆಳಗಿಟ್ಟರು. ಅತ್ತಿಗೆ ಹೋಗಿ ಎದುರಿಗೆ ಕೂತು ಇಸಿಜಿಯ ಕಾಗದವನ್ನು ಅವರ ಮಡಿಲಿಗಿಟ್ಟಳು. ಆಪಾ ಆ ಗೀರುಗಳ ಮೇಲೆ ಬೆರಳಾಡಿಸಿ, ನನ್ನ ಮುಖ ನೋಡಿದರು.

"ಎಲ್ಲಾ ನೋಡ್ಯಾರೆ ಆಪಾ. ಗುಂಡಿಗಿ ಚೆನ್ನಾಗೈತಂತೆ" ಎಂದೆ.

"ಅಲ್ಲಾನ ದಯಾ." ಕಾಗದ ಮಡಚಿ ಅತ್ತಿಗೆಯ ಕೈಗೆ ವಾಪಸ್ ಕೊಟ್ಟರು. "ಕೈಗೆ, ಕಾಲಿಗೆ ಬೇಕಾದ್ರೆ ಸೂಜಿ ಹಾಕ್ತೀನಿ ತಾಯಿ. ಎದೆ ಮ್ಯಾಲೆ ಕೈ ಇಡೋದು ಬಿಟ್ಟೀನಿ."

"ಅವರು ನಿಮಗೆ ಕಾದು ಕಾದು ಹೋದ್ರು" ಎಂದಳು ಅತ್ತಿಗೆ. "ನನ್ನೂ ಕಾಯಿಸ್ತೀರೇನ್ರಿ?"

ಆಪಾ ಗೋಡೆ ಹಿಡಿದು ಎದ್ದು ಬಚ್ಚಲಿಗೆ ಹೋದರು. ನೀರು ಸುರಿಯುವ ಸದ್ದು ನಿಲ್ಲಲೇ ಇಲ್ಲ. ಕೈ ತೊಳೆಯುತ್ತಿದ್ದರೋ ಮುಖ ತೊಳೆಯುತ್ತಿದ್ದರೋ ಗೊತ್ತಿಲ್ಲ. ಬಂದು ಚಾಪೆ ಹಾಸಿದರು. ಅತ್ತಿಗೆ ಮಲಗಿದಳು. ಟವೆಲ್ಲು ಹೊದಿಸಿದರು. ಗಂಟಲ ಕುಳಿಯಿಂದ ಬೆರಳು ಇಳಿಯಿತು. ಕಣ್ಣು ಮುಚ್ಚಿದರೂ ಆ ಜಾಗಕ್ಕೆ ಹೋಗುತ್ತಿದ್ದ ಬೆರಳು ಎರಡು ಸಲ ದಾರಿ ತಪ್ಪಿ, ಮತ್ತೆ ಮೇಲಿನಿಂದ ಶುರುಮಾಡಿ, ಕೊನೆಗೆ ನಡುವೆ ನಿಂತಿತು.

"ನೋಯ್ತೈತಾ ತಾಯಿ?"

ಆಪಾ ಒತ್ತಿಯೇ ಇರಲಿಲ್ಲ. ಅತ್ತಿಗೆ ಹೂಂ ಎಂದಳು. ಅಷ್ಟು ದಿನ ನಿಂತದ್ದೆಲ್ಲ ಅವಳ ಕಣ್ಣ ತುದಿಯಿಂದ ಕಿವಿಗಿಳಿದು ಚಾಪೆ ನೆನೆಯತೊಡಗಿತು.

"ನನಗೂ ಅಲ್ಲೇ" ಎಂದರು ಆಪಾ.

ಅವರ ಎದೆಯನ್ನು ಅದುವರೆಗೆ ಯಾರೂ ಮುಟ್ಟಿ ನೋಡಿರಲಿಲ್ಲ. ನಾಲ್ಕು ಊರು ಸುತ್ತಿದ ನನಗೂ ಅದು ಹೊಳೆದಿರಲಿಲ್ಲ. ಅತ್ತಿಗೆ ಮಲಗಿದ್ದಲ್ಲಿಂದಲೇ ಕೈ ಎತ್ತಿ, ಹುಡುಕದೆ, ಅಳೆಯದೆ, ಆಪಾರ ಎದೆಯ ನಡುವೆ ಇಟ್ಟಳು.